ಡಬ್ಬಿಯ ಕಾಳು, ಹುರುಳಿಯ ಸಾರು: ಅಗ್ಗದ ಊಟದ ಲೆಕ್ಕ ತಪ್ಪಿದ್ದೆಲ್ಲಿ?

ಬೆಂಗಳೂರು: ಸಂಜೆ ಆರೂವರೆಗೆ ದುಡಿಮೆ ಮುಗಿಸಿ ಮನೆ ಸೇರಿದವರು ಎಂಟು ಗಂಟೆಯೊಳಗೆ ನಾಲ್ವರಿಗೆ ಬಿಸಿ ಊಟ ಬಡಿಸಬೇಕು. ಅದು ಕೈಗೆಟಕುವ ಬೆಲೆಯಲ್ಲಿರಬೇಕು, ಹೊಟ್ಟೆ ತುಂಬಬೇಕು, ಮಕ್ಕಳ ಮೈಗೂ ಹತ್ತಬೇಕು. ಬ್ರಿಟನ್ನಿನ ದುಡಿಯುವ ವರ್ಗ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ, ತಗಡಿನ ಡಬ್ಬಿಯಲ್ಲಿ ಬೇಯಿಸಿಟ್ಟ ಕಾಳು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಮನೆಗಳು ಕಂಡುಕೊಂಡ ಉತ್ತರ, ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದ ತೊಗರಿಬೇಳೆ.

ಕಳೆದ ಹತ್ತು ವರ್ಷಗಳಲ್ಲಿ ಈ ಎರಡೂ ಉತ್ತರಗಳು ಬೆಲೆಯೇರಿಕೆಯ ಪೆಟ್ಟು ತಿಂದಿವೆ. 2015ರ ಅಕ್ಟೋಬರ್‌ನಲ್ಲಿ ದೇಶದ ಹಲವು ನಗರಗಳಲ್ಲಿ ತೊಗರಿಬೇಳೆ ಕೆ.ಜಿ.ಗೆ 200 ರೂಪಾಯಿ ದಾಟಿತು. 2023ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಆಹಾರ ಹಣದುಬ್ಬರ ಶೇ 19ನ್ನು ಮೀರಿತು. ಅಲ್ಲಿ ನಾಲ್ಕೂವರೆ ದಶಕಗಳಲ್ಲಿ ಅಂತಹ ಏರಿಕೆ ಕಂಡಿರಲಿಲ್ಲ. ಅಗ್ಗದ ಊಟ ಎಂಬುದು ಕೇವಲ ಅಡುಗೆಯ ವಿಷಯವಲ್ಲ, ಅದು ಬೆಲೆ, ಸಮಯ ಮತ್ತು ಸರ್ಕಾರದ ನೀತಿ ಒಂದೆಡೆ ಸೇರುವ ಜಾಗ ಎಂಬುದನ್ನು ಈ ಎರಡು ಪ್ರಸಂಗಗಳು ತೋರಿಸಿಕೊಟ್ಟಿವೆ.

ಸೈನ್ಯದಿಂದ ಅಡುಗೆಮನೆಗೆ

ಡಬ್ಬಿಯ ಆಹಾರ ಮೊದಲು ಹುಟ್ಟಿದ್ದು ಬಡವರಿಗಾಗಿ ಅಲ್ಲ, ಸೈನಿಕರಿಗಾಗಿ. ಆಹಾರವನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿ, ಕುದಿಸಿ, ತಿಂಗಳುಗಟ್ಟಲೆ ಕೆಡದಂತೆ ಇಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ ರೂಪಿಸಿದರು. 1810ರಲ್ಲಿ ಅದಕ್ಕಾಗಿ ಅವರಿಗೆ ಫ್ರೆಂಚ್ ಸರ್ಕಾರದ ಬಹುಮಾನವೂ ದೊರೆಯಿತು. ಅದೇ ವರ್ಷ ಪೀಟರ್ ಡ್ಯುರಾಂಡ್ ಬ್ರಿಟನ್ನಿನಲ್ಲಿ ತಗಡಿನ ಡಬ್ಬಿಗೆ ಹಕ್ಕುಸ್ವಾಮ್ಯ ಪಡೆದರು. 1813ರ ವೇಳೆಗೆ ಬ್ರಯಾನ್ ಡಾಂಕಿನ್ ಅವರ ಕಾರ್ಖಾನೆಯಿಂದ ಬ್ರಿಟಿಷ್ ಸೇನೆಗೆ ಡಬ್ಬಿ ಆಹಾರದ ಪೂರೈಕೆ ಆರಂಭವಾಗಿತ್ತು.

ಟೊಮೆಟೊ ರಸದಲ್ಲಿ ಬೇಯಿಸಿದ ಬಿಳಿ ಕಾಳಿನ ಡಬ್ಬಿ ಅಮೆರಿಕದಿಂದ ಲಂಡನ್ನಿಗೆ ಬಂದದ್ದು 1886ರಲ್ಲಿ. ಹೈನ್ಜ್ ಸಂಸ್ಥೆಯ ಈ ಸರಕು ಮೊದಲು ಮಾರಾಟವಾದದ್ದು ಸಿರಿವಂತರು ಕಾಲಿಡುವ ಫೋರ್ಟ್‌ನಮ್ ಅಂಡ್ ಮೇಸನ್ ಮಳಿಗೆಯಲ್ಲಿ ಎಂಬುದು ಕುತೂಹಲಕರ. ಅಂದಿನ ಐಷಾರಾಮದ ತಿನಿಸು ಮುಂದೆ ಕಾರ್ಮಿಕರ ತಟ್ಟೆಗಿಳಿಯಿತು. ಸುಟ್ಟ ಬ್ರೆಡ್ಡಿನ ಮೇಲೆ ಬಿಸಿ ಕಾಳು ಸುರಿದುಕೊಂಡು ತಿನ್ನುವುದು ಆ ದೇಶದ ಅತಿ ಸರಳ ಊಟವಾಯಿತು. ವಿಪರ್ಯಾಸವೆಂದರೆ, ಬ್ರಿಟಿಷರು ತಮ್ಮದೆಂದು ಹೆಮ್ಮೆಪಡುವ ಈ ಊಟದ ಕಾಳು ಬಹುತೇಕ ಉತ್ತರ ಅಮೆರಿಕದಿಂದ ಆಮದಾಗುತ್ತದೆ. ಅಲ್ಲಿನ ಹವೆಗೆ ಒಗ್ಗುವ ತಳಿಗಳನ್ನು ವಾರಿಕ್ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿ, ರೈತರ ಹೊಲಗಳಿಗೆ ತಲುಪಿಸಿದ್ದು ತೀರ ಇತ್ತೀಚೆಗೆ.

ಅಗ್ಗದ ಸರಕಿನ ಬೆಲೆ ಯಾರು ಅಳೆಯುತ್ತಾರೆ?

ಬ್ರಿಟನ್ನಿನ ಬೆಲೆಯೇರಿಕೆಯ ಕಾಲದಲ್ಲಿ ನಡೆದ ಒಂದು ಚರ್ಚೆ ಇಲ್ಲಿಯ ಓದುಗರಿಗೂ ಪ್ರಸ್ತುತ. ಕಡಿಮೆ ಖರ್ಚಿನ ಅಡುಗೆಯ ಬಗ್ಗೆ ಬರೆಯುವ ಜ್ಯಾಕ್ ಮನ್ರೋ 2019ರಲ್ಲಿ ಡಬ್ಬಿ ಆಹಾರವನ್ನೇ ಆಧರಿಸಿದ ಅಡುಗೆ ಪುಸ್ತಕ ಪ್ರಕಟಿಸಿದವರು. ಸರ್ಕಾರ ಹೇಳುವ ಸರಾಸರಿ ಹಣದುಬ್ಬರಕ್ಕೂ ಬಡವರು ಕೊಳ್ಳುವ ಅತಿ ಅಗ್ಗದ ಸರಕುಗಳ ಬೆಲೆಯೇರಿಕೆಗೂ ತಾಳೆಯಿಲ್ಲ ಎಂದು 2022ರ ಜನವರಿಯಲ್ಲಿ ಅವರು ಆಕ್ಷೇಪಿಸಿದರು. ಅಂಗಡಿಯ ಕೆಳಗಿನ ಸಾಲಿನಲ್ಲಿರುವ ಅಗ್ಗದ ಅಕ್ಕಿ, ಪಾಸ್ತಾ, ಕಾಳಿನ ಪೊಟ್ಟಣಗಳ ಬೆಲೆ ಸರಾಸರಿಗಿಂತ ವೇಗವಾಗಿ ಏರುತ್ತಿದೆ ಎಂಬುದು ಅವರ ವಾದವಾಗಿತ್ತು.

ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ದಿನಬಳಕೆಯ 30 ಪದಾರ್ಥಗಳ ಅತಿ ಅಗ್ಗದ ಮಾದರಿಗಳನ್ನೇ ಆಯ್ದು ಬೆಲೆ ಅಳೆಯಿತು. 2022ರ ಸೆಪ್ಟೆಂಬರ್‌ವರೆಗಿನ ಒಂದು ವರ್ಷದಲ್ಲಿ ಅವುಗಳ ಬೆಲೆ ಸರಾಸರಿ ಶೇ 17ರಷ್ಟು ಏರಿತ್ತು. ಅಡುಗೆ ಎಣ್ಣೆಯೊಂದೇ ಶೇ 65ರಷ್ಟು ದುಬಾರಿಯಾಗಿತ್ತು. ಸರಾಸರಿ ಎಂಬ ಒಂದೇ ಅಂಕಿಯ ಹಿಂದೆ ಒಂದೊಂದು ಪದಾರ್ಥದ ಕಥೆ ಎಷ್ಟು ಬೇರೆಯಾಗಿರುತ್ತದೆ ಎಂಬುದು ಆಗ ಬೆಳಕಿಗೆ ಬಂತು.

ಅಳೆಯದ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕಣ್ಣಿಗೆ ಬೀಳದ ಬೆಲೆಗೆ ಪರಿಹಾರವೂ ದೊರೆಯುವುದಿಲ್ಲ. ಈ ಮಾತು ಕರ್ನಾಟಕದ ಕಾಳುಗಳಿಗೂ ಅನ್ವಯಿಸುತ್ತದೆ.

ಡಬ್ಬಿ ಮಾರುವುದು ಸಮಯವನ್ನು

ಕರ್ನಾಟಕದಿಂದ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಓದಲು ಅಥವಾ ದುಡಿಯಲು ತೆರಳಿದ ಯುವಜನರಿಗೆ ಡಬ್ಬಿ ಕಾಳಿನ ಪರಿಚಯ ಬಹುಬೇಗ ಆಗುತ್ತದೆ. ಕಾಳು ನೆನೆಹಾಕಲು ಮರೆತ ರಾತ್ರಿ, ಕುಕ್ಕರ್ ಇಲ್ಲದ ಬಾಡಿಗೆ ಕೋಣೆ, ನಾಲ್ವರು ಹಂಚಿಕೊಳ್ಳುವ ಒಂದು ಒಲೆ ಇವುಗಳ ನಡುವೆ ಕಾಬೂಲಿ ಕಡಲೆಯ ಒಂದು ಡಬ್ಬಿ ಊರಿನ ಕಡಲೆ ಸಾರಿಗೆ ಆಧಾರವಾಗುತ್ತದೆ. ಡಬ್ಬಿ ತೆರೆದು, ನೀರು ಬಸಿದು, ಕಾಳನ್ನು ತೊಳೆದು, ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆಯ ಒಗ್ಗರಣೆಗೆ ಹಾಕಿ, ಸಾರಿನ ಪುಡಿ ಬೆರೆಸಿ ಕುದಿಸಿದರೆ ಹದಿನೈದು ನಿಮಿಷದಲ್ಲಿ ಸಾರು ಸಿದ್ಧ. ಅದರಲ್ಲೇ ಅರ್ಧ ಡಬ್ಬಿ ಕಾಳನ್ನು ಎತ್ತಿಟ್ಟು ತೆಂಗಿನ ತುರಿ, ಹಸಿಮೆಣಸು, ನಿಂಬೆರಸ ಹಾಕಿದರೆ ಉಸ್ಲಿಯೂ ಆಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆ ಡಬ್ಬಿಯಲ್ಲಿ ಮಾರಾಟವಾಗುವುದು ಕಾಳು ಮಾತ್ರವಲ್ಲ; ನೆನೆಹಾಕುವ ಎಂಟು ಗಂಟೆ, ಬೇಯಿಸುವ ಒಂದು ಗಂಟೆ ಮತ್ತು ಅದಕ್ಕೆ ತಗಲುವ ಇಂಧನವೂ ಅದರೊಳಗೆ ಸೇರಿದೆ. ಕಾರ್ಖಾನೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒತ್ತಡದಲ್ಲಿ ಬೆಂದ ಕಾಳು ಅದು. ದುಬಾರಿ ಇಂಧನ, ದುಬಾರಿ ಸಮಯದ ದೇಶಗಳಲ್ಲಿ ಲಕ್ಷಾಂತರ ಡಬ್ಬಿಗಳನ್ನು ಒಟ್ಟಿಗೆ ಬೇಯಿಸಿದಾಗ ಅದು ಅಗ್ಗವಾಗುತ್ತದೆ.

ಭಾರತದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. 400 ಗ್ರಾಂನ ಒಂದು ಡಬ್ಬಿಯಲ್ಲಿ ನೀರು ಬಸಿದ ಮೇಲೆ ಉಳಿಯುವ ಕಾಳು ಸುಮಾರು 240 ಗ್ರಾಂ. ಒಣ ಕಾಳು ಬೆಂದಾಗ ಹೆಚ್ಚುಕಡಿಮೆ ಎರಡೂವರೆ ಪಟ್ಟು ತೂಗುವುದರಿಂದ, ಅಷ್ಟು ಬೆಂದ ಕಾಳಿಗೆ ಬೇಕಾಗುವುದು ಸುಮಾರು 100 ಗ್ರಾಂ ಒಣ ಕಾಳು. ಕೆ.ಜಿ.ಗೆ 120 ರೂಪಾಯಿ ಎಂದಿಟ್ಟುಕೊಂಡರೂ ಅದರ ಬೆಲೆ 12 ರೂಪಾಯಿ. ನಗರದ ದೊಡ್ಡ ಮಳಿಗೆಗಳಲ್ಲಿ ದೊರೆಯುವ ಡಬ್ಬಿಗಳು ಇದರ ಹಲವು ಪಟ್ಟು ದುಬಾರಿ. ತಗಡು, ನೀರಿನ ಭಾರ ಹೊತ್ತ ಸಾಗಣೆ, ಕೊಳ್ಳುವವರ ಸಣ್ಣ ಸಂಖ್ಯೆ ಇವೆಲ್ಲ ಬೆಲೆಗೆ ಸೇರುತ್ತವೆ. ಆದ್ದರಿಂದ ಡಬ್ಬಿಯನ್ನು ಅಗ್ಗದ ಊಟದ ದಾರಿಯೆಂದು ಇಲ್ಲಿ ಯಾರೂ ಹೇಳಲಾರರು. ಆದರೆ ಡಬ್ಬಿ ಬಗೆಹರಿಸಿದ ಸಮಸ್ಯೆ ಮಾತ್ರ ಇಲ್ಲಿಯೂ ಇದೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅಂತಹ ಕೆಲಸದಲ್ಲಿ ತೊಡಗುವ ಪುರುಷರ ಪಾಲು 88 ನಿಮಿಷ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದ ಮಹಿಳೆಗೆ ಹುರುಳಿ ನೆನೆಹಾಕುವ, ಬಸಿಯುವ, ಕಟ್ಟು ತೆಗೆಯುವ, ಮಸಾಲೆ ಅರೆಯುವ ಕೆಲಸ ದುಬಾರಿಯೇ. ಬೇಗ ಬೇಯುವ ತೊಗರಿಬೇಳೆಯನ್ನೋ, ಅದೂ ದುಬಾರಿಯಾದಾಗ ತೆಳ್ಳನೆಯ ಸಾರನ್ನೋ ಆಕೆ ಆಯ್ದುಕೊಂಡರೆ ಅದಕ್ಕೆ ಕಾರಣ ತಿಳಿವಳಿಕೆಯ ಕೊರತೆ ಎನ್ನಲಾಗದು.

ತೊಗರಿಯ ತೂಗುಯ್ಯಾಲೆ

ಇಡೀ ರಾಜ್ಯದ ಸಾಂಬಾರು ಬಹುಮಟ್ಟಿಗೆ ಒಂದೇ ಬೇಳೆಯನ್ನು ನೆಚ್ಚಿಕೊಂಡಿರುವುದರ ಪರಿಣಾಮವೇನು ಎಂಬುದಕ್ಕೆ ಕಳೆದ ದಶಕವೇ ಸಾಕ್ಷಿ. 2014 ಮತ್ತು 2015ರ ಸತತ ಬರದಿಂದ ಇಳುವರಿ ಕುಸಿಯಿತು. 2015-16ರಲ್ಲಿ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್. ಬೆಲೆ ಗಗನಕ್ಕೇರಿತು, ದಾಸ್ತಾನು ಮಿತಿ ಬಂತು, ಗೋದಾಮುಗಳ ಮೇಲೆ ದಾಳಿಗಳು ನಡೆದವು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ತೊಗರಿ ಆಮದು ಒಪ್ಪಂದಕ್ಕೆ ಸಹಿ ಬಿತ್ತು.

ಬೆಲೆಯ ಆಸೆಯಿಂದ ರೈತರು ಮರುವರ್ಷ ಹೆಚ್ಚು ಪ್ರದೇಶದಲ್ಲಿ ಬಿತ್ತಿದರು, ಮಳೆಯೂ ಕೈಹಿಡಿಯಿತು. 2016-17ರಲ್ಲಿ ಉತ್ಪಾದನೆ ಸುಮಾರು 48.7 ಲಕ್ಷ ಟನ್ನಿಗೆ ಜಿಗಿಯಿತು. ಆಮದಾದ ತೊಗರಿಯೂ ಬಂದು ಸೇರಿತು. ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಕಲಬುರಗಿ ಸೀಮೆಯ ರೈತರು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಲ್ಲಬೇಕಾಯಿತು. 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹೇರಲಾಯಿತು. 2021ರ ಮೇ ತಿಂಗಳಲ್ಲಿ ಅದೇ ಮಿತಿಯನ್ನು ತೆಗೆದು ಆಮದನ್ನು ಮುಕ್ತಗೊಳಿಸಲಾಯಿತು. ಒಂದು ವರ್ಷ ಗ್ರಾಹಕನ ಕಣ್ಣೀರು, ಮರುವರ್ಷ ರೈತನ ಕಣ್ಣೀರು ಎಂಬಂತಾಯಿತು ಸ್ಥಿತಿ.

ಉಯ್ಯಾಲೆ ಅಲ್ಲಿಗೆ ನಿಲ್ಲಲಿಲ್ಲ. 2022ರ ಹಂಗಾಮಿನಲ್ಲಿ ಕಲ್ಯಾಣ ಕರ್ನಾಟಕದ ತೊಗರಿಗೆ ನೆಟೆ ರೋಗ ಬಡಿಯಿತು. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಮತ್ತು ಉದ್ದಿನ ಮೇಲೆ ಮತ್ತೆ ದಾಸ್ತಾನು ಮಿತಿ ಹೇರಿತು. ಜುಲೈನಲ್ಲಿ ‘ಭಾರತ್ ದಾಲ್’ ಹೆಸರಿನಲ್ಲಿ ಕಡಲೆಬೇಳೆಯನ್ನು ಕೆ.ಜಿ.ಗೆ 60 ರೂಪಾಯಿಯಂತೆ ಮಾರಲು ಮುಂದಾಯಿತು. 2024ರ ಅಕ್ಟೋಬರ್‌ನಲ್ಲಿ ಎರಡನೇ ಹಂತ ಆರಂಭವಾದಾಗ ಅದೇ ಬೇಳೆಯ ದರ 70 ರೂಪಾಯಿಗೆ ಏರಿತ್ತು.

ವಿಶ್ವದಲ್ಲೇ ಅತಿ ಹೆಚ್ಚು ಬೇಳೆಕಾಳು ಬೆಳೆಯುವ, ಅತಿ ಹೆಚ್ಚು ತಿನ್ನುವ ದೇಶ ಭಾರತ. ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶವೂ ಅದೇ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ತೊಗರಿ, ಕೆನಡಾ ಮತ್ತು ಆಸ್ಟ್ರೇಲಿಯಾಗಳಿಂದ ಮಸೂರ ಬರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆ ಇರುವ ರಾಜ್ಯದಲ್ಲಿಯೂ ನಗರದ ಕುಕ್ಕರಿನೊಳಗೆ ಬೇಯುವ ಬೇಳೆ ಯಾವ ಬಂದರಿನಿಂದ ಬಂತೆಂಬುದು ಕೊಂಡವರಿಗೆ ತಿಳಿಯದು.

ಮೂರು ಪಟ್ಟಿಗಳ ಹೊರಗೆ

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಬೇಳೆಕಾಳು ಸ್ವಾವಲಂಬನೆಯ ಮಿಷನ್‌ಗೆ 11,440 ಕೋಟಿ ರೂಪಾಯಿಯ ಅನುಮೋದನೆ ನೀಡಿತು. 2030-31ರ ವೇಳೆಗೆ ಉತ್ಪಾದನೆಯನ್ನು 350 ಲಕ್ಷ ಟನ್ನಿಗೆ ಏರಿಸುವುದು ಗುರಿ. ಯೋಜನೆಯ ವಿಶೇಷ ಗಮನ ತೊಗರಿ, ಉದ್ದು ಮತ್ತು ಮಸೂರದ ಮೇಲೆ. ಆಮದಿನ ಹೊರೆ ಇಳಿಸುವ ದೃಷ್ಟಿಯಿಂದ ಇದು ಅರ್ಥವಾಗುವಂಥದ್ದೇ. ಆದರೆ ಕರ್ನಾಟಕದ ಅಡುಗೆಮನೆಯಿಂದ ನೋಡಿದಾಗ ಪಟ್ಟಿಯಲ್ಲಿ ಏನಿಲ್ಲ ಎಂಬುದು ಎದ್ದು ಕಾಣುತ್ತದೆ.

ಕೇಂದ್ರವು ಕನಿಷ್ಠ ಬೆಂಬಲ ಬೆಲೆ ಘೋಷಿಸುವ ಬೇಳೆಕಾಳುಗಳು ಐದು: ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. 2025-26ರ ಮುಂಗಾರಿಗೆ ತೊಗರಿಗೆ ನಿಗದಿಯಾದದ್ದು ಕ್ವಿಂಟಲಿಗೆ 8,000 ರೂಪಾಯಿ. ಹುರುಳಿಗೆ, ಅಲಸಂದೆಗೆ, ಅವರೆಗೆ ಅಂತಹ ಯಾವ ಖಾತರಿಯೂ ಇಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ ದೇಶದಾದ್ಯಂತ ದಿನನಿತ್ಯ ಬೆಲೆ ಗಮನಿಸುವ ಅಗತ್ಯ ವಸ್ತುಗಳ ಪಟ್ಟಿಯಲ್ಲಿ 22 ಪದಾರ್ಥಗಳಿದ್ದವು. 2024ರ ಆಗಸ್ಟ್‌ನಲ್ಲಿ ಅದಕ್ಕೆ 16 ಪದಾರ್ಥಗಳು ಸೇರಿ ಒಟ್ಟು 38 ಆದವು. ರಾಗಿ, ಜೋಳ, ಬದನೆಕಾಯಿ, ಮೊಟ್ಟೆ, ಜೀರಿಗೆ ಎಲ್ಲವೂ ಒಳಬಂದವು. ಹುರುಳಿ, ಅಲಸಂದೆ, ಅವರೆ ಅಲ್ಲಿಯೂ ಇಲ್ಲ.

ಬೆಂಬಲ ಬೆಲೆ, ಬೆಲೆ ನಿಗಾ, ಮಿಷನ್ನಿನ ಆದ್ಯತೆ ಎಂಬ ಮೂರು ಪಟ್ಟಿಗಳಲ್ಲೂ ಸ್ಥಾನ ಸಿಗದ ಈ ಕಾಳುಗಳೇ ಹಳೆಯ ಮೈಸೂರಿನಿಂದ ಕರಾವಳಿಯವರೆಗೆ ಬಡವರ ಊಟದ ಆಧಾರ. ಮುದ್ದೆಗೆ ಬಸ್ಸಾರು, ಮೊಳಕೆ ಹುರುಳಿಯ ಸಾರು, ಕುಚ್ಚಲಕ್ಕಿ ಅನ್ನಕ್ಕೆ ಹುರುಳಿ ಸಾರು, ಜೋಳದ ರೊಟ್ಟಿಗೆ ಮಡಿಕೆ ಕಾಳಿನ ಪಲ್ಯ ಇವು ಯಾವುವೂ ತೊಗರಿಯ ದರವನ್ನು ಕೇಳುವುದಿಲ್ಲ. ಹುರುಳಿ ಕಡಿಮೆ ಮಳೆಯಲ್ಲಿ, ಸತ್ವ ಕಡಿಮೆಯಿರುವ ಮಣ್ಣಿನಲ್ಲಿಯೂ ಬೆಳೆಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಬಂದ ಮೇಲೆ ಅವರೆ ಚಳಿಗಾಲದ ಬೆಳೆಯಷ್ಟೇ ಆಗಿ ಉಳಿದಿಲ್ಲ. ಇಷ್ಟಾದರೂ ಬಡವರ ಕಾಳಿನ ಬೆಲೆ ಏರಿದರೆ ಸುದ್ದಿಯಾಗುವುದಿಲ್ಲ, ಇಳಿದರೆ ಬೆಳೆದವನಿಗೆ ರಕ್ಷಣೆಯಿಲ್ಲ. ಬ್ರಿಟನ್ನಿನಲ್ಲಿ ಅಗ್ಗದ ಪಾಸ್ತಾದ ಬೆಲೆಯ ಬಗ್ಗೆ ಎದ್ದ ಪ್ರಶ್ನೆಯ ಕನ್ನಡ ರೂಪ ಇದು.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ವ್ಯಕ್ತಿಯೊಬ್ಬರ ದಿನದ ತಟ್ಟೆಯಲ್ಲಿ ಬೇಳೆಕಾಳು, ಮೊಟ್ಟೆ ಅಥವಾ ಮಾಂಸ ಒಟ್ಟು 85 ಗ್ರಾಂ ಇರಬೇಕು. ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂನಂತೆ ಪ್ರೋಟೀನ್ ಬೇಕೆಂಬುದು ಅದೇ ಸಂಸ್ಥೆಯ ಶಿಫಾರಸು. 60 ಕೆ.ಜಿ. ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಎಂದಾಯಿತು.

ರಾಜ್ಯದ ಪಡಿತರ ನೀತಿಯೂ ಈಗ ಅಕ್ಕಿಯಿಂದಾಚೆಗೆ ನೋಡತೊಡಗಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವಿಗೆ ಉತ್ತರ ಕೊಟ್ಟಿತು. 2023ರ ಜುಲೈನಿಂದ ಹೆಚ್ಚುವರಿ ಅಕ್ಕಿಯ ಬದಲು ನಗದು, 2025ರ ಆರಂಭದಲ್ಲಿ ಮತ್ತೆ ಅಕ್ಕಿ ಎಂಬ ತಿರುವುಗಳ ನಂತರ, 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟವು ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಒಳಗೊಂಡ ಇಂದಿರಾ ಆಹಾರ ಕಿಟ್ ನೀಡುವ ನಿರ್ಧಾರ ಕೈಗೊಂಡಿತು. ದಿಕ್ಕು ಸರಿಯಾದದ್ದೇ. ಆದರೆ ಪ್ರಮಾಣದ ಲೆಕ್ಕ ಹಾಕಿ ನೋಡಬೇಕು.

ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಎರಡು ಕೆ.ಜಿ. ಬೇಳೆ ದೊರೆಯಿತೆಂದು ಭಾವಿಸಿದರೂ, ತಲಾ ದಿನವೊಂದಕ್ಕೆ ಸಿಗುವುದು 17 ಗ್ರಾಂನಷ್ಟು. ಪ್ರಾಥಮಿಕ ಶಾಲೆಯ ಮಗುವಿನ ಬಿಸಿಯೂಟಕ್ಕೆ ನಿಗದಿಯಾದ ಬೇಳೆಯೇ 20 ಗ್ರಾಂ. ಹಿರಿಯ ಪ್ರಾಥಮಿಕದಲ್ಲಿ 30 ಗ್ರಾಂ. ಹದಿನೇಳು ಗ್ರಾಂ ಬೇಳೆಯಿಂದ ದೊರೆಯುವ ಪ್ರೋಟೀನ್ ನಾಲ್ಕು ಗ್ರಾಂಗೂ ಕಡಿಮೆ. ಉಳಿದದ್ದನ್ನು ಕುಟುಂಬ ಅಂಗಡಿಯಿಂದಲೇ ತರಬೇಕು. ಅಲ್ಲಿ ತೊಗರಿಯೊಂದೇ ಆಯ್ಕೆಯಾದರೆ ಬೆಲೆಯ ಉಯ್ಯಾಲೆಯೇ ತಟ್ಟೆಯನ್ನು ನಿರ್ಧರಿಸುತ್ತದೆ.

ಅಕ್ಕಿ, ರಾಗಿಗಳ ಜೊತೆಗೆ ಕಾಳು ಇರಬೇಕೆಂಬ ಹಿರಿಯರ ಕ್ರಮಕ್ಕೆ ಗಟ್ಟಿ ಆಧಾರವಿದೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಲ್ಲಿದೆ. ಮುದ್ದೆ ಮತ್ತು ಹುರುಳಿ ಸಾರು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಬ್ರಿಟಿಷರ ಬ್ರೆಡ್ಡು ಮತ್ತು ಕಾಳು ಮಾಡುವುದೂ ಅದನ್ನೇ.

ಮನೆಯ ಡಬ್ಬಿ

ಡಬ್ಬಿಯ ಅನುಕೂಲವನ್ನು ಡಬ್ಬಿಯಿಲ್ಲದೆ ಪಡೆಯಲು ಸಾಧ್ಯವೇ? ಒಂದು ಮಟ್ಟಿಗೆ ಸಾಧ್ಯ. ವಾರಕ್ಕೆ ಎರಡು ಬಾರಿ, ಅರ್ಧ ಕೆ.ಜಿ.ಯಷ್ಟು ಕಾಳನ್ನು ಒಟ್ಟಿಗೆ ನೆನೆಹಾಕಿ ಬೇಯಿಸಿಟ್ಟರೆ ಮನೆಯಲ್ಲೇ ಐದು ಡಬ್ಬಿಯಷ್ಟು ಬೆಂದ ಕಾಳು ಸಿದ್ಧವಾಗುತ್ತದೆ. ಫ್ರಿಜ್ ಇರುವ ಮನೆಯಲ್ಲಿ ಅದು ಮೂರು ದಿನ ಉಳಿಯುತ್ತದೆ. ಮೊದಲ ದಿನ ಕಟ್ಟಿನ ಸಾರು ಮತ್ತು ಕಾಳಿನ ಪಲ್ಯ, ಎರಡನೇ ದಿನ ಬದನೆಕಾಯಿ ಸೇರಿಸಿದ ಹುಳಿ, ಮೂರನೇ ದಿನ ಉಸ್ಲಿ. ಒಮ್ಮೆ ಉರಿಸಿದ ಗ್ಯಾಸಿನಲ್ಲಿ ಮೂರು ಅಡುಗೆ ಮುಗಿಯುತ್ತವೆ.

ಕೆಲವು ಸಣ್ಣ ಸಂಗತಿಗಳು ಇಂಧನವನ್ನೂ ಸಮಯವನ್ನೂ ಉಳಿಸುತ್ತವೆ. ಹೆಸರುಕಾಳು, ಅಲಸಂದೆಗಳಿಗೆ ದೀರ್ಘಕಾಲ ನೆನೆಯುವ ಅಗತ್ಯವಿಲ್ಲ. ಹುರುಳಿ, ಕಡಲೆ, ರಾಜ್ಮಾಗಳಿಗೆ ರಾತ್ರಿಯಿಡೀ ಬೇಕು. ಹುಣಸೆ, ಟೊಮೆಟೊಗಳನ್ನು ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು. ಹುಳಿಯಲ್ಲಿ ಕಾಳು ಬೇಯಲು ತಡವಾಗುತ್ತದೆ. ವರ್ಷಗಟ್ಟಲೆ ದಾಸ್ತಾನಿದ್ದ ಹಳೆಯ ಕಾಳು ಎಷ್ಟು ಕೂಗಿಸಿದರೂ ಗಟ್ಟಿಯಾಗಿಯೇ ಉಳಿಯಬಹುದು.

ಒಂದು ಎಚ್ಚರಿಕೆ ಅಗತ್ಯ. ಕೆಂಪು ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಅಂಶ ಅರೆಬೆಂದರೆ ವಾಂತಿ, ಭೇದಿಗೆ ಕಾರಣವಾಗುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ಬೇಯಿಸಬೇಕು. ಕುದಿಯದ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುವುದು ಅಪಾಯಕಾರಿ. ಡಬ್ಬಿಯ ಕಾಳು ಕಾರ್ಖಾನೆಯಲ್ಲೇ ಪೂರ್ತಿ ಬೆಂದಿರುವುದರಿಂದ ಈ ಭಯವಿಲ್ಲ. ಆದರೆ ಅದರ ನೀರಿನಲ್ಲಿ ಉಪ್ಪು ಹೆಚ್ಚು. ನೀರು ಬಸಿದು ತೊಳೆದರೆ ಸೋಡಿಯಂ ಸುಮಾರು ಶೇ 40ರಷ್ಟು ಇಳಿಯುತ್ತದೆ. ಉಬ್ಬಿದ, ಸೋರುವ ಡಬ್ಬಿಯನ್ನು ತೆರೆಯದೆ ಎಸೆಯುವುದೇ ಕ್ಷೇಮ.

ಮೈಸೂರಿನಲ್ಲೇ ಇರುವ ವಿದ್ಯೆ

ಆದರೆ ಮನೆಯ ಜಾಣತನದ ಮೇಲೆ ಎಲ್ಲ ಭಾರ ಹೊರಿಸುವುದು ನ್ಯಾಯವಲ್ಲ. ಫ್ರಿಜ್ ಇಲ್ಲದ, ಒಂದೇ ಕೋಣೆಯ ಮನೆಗಳಿಗೆ ವಾರದ ಅಡುಗೆಯ ಯೋಜನೆ ಹೇಳುವುದು ಸುಲಭ, ನಡೆಸುವುದು ಕಷ್ಟ. ಅಂಥವರಿಗೆ ಬೇಕಾದದ್ದು ಬೆಂದ ಕಾಳು, ಒಣ ಕಾಳಿನ ಬೆಲೆಗೆ ಹತ್ತಿರದ ದರದಲ್ಲಿ.

ಇದರ ವಿದ್ಯೆ ರಾಜ್ಯಕ್ಕೆ ಹೊಸದಲ್ಲ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಿಂದ ಮೈಸೂರಿನಲ್ಲಿದೆ. 1961ರಲ್ಲಿ ಅದೇ ಊರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ತಗಡಿನ ಬದಲು ಶಾಖ ತಡೆಯುವ ಹಗುರ ಚೀಲದಲ್ಲಿ ಆಹಾರವನ್ನು ಕೆಡದಂತೆ ಇಡುವ ತಂತ್ರವನ್ನು ಸೈನಿಕರಿಗಾಗಿ ರೂಪಿಸಿತು. ಬೆಂಗಳೂರಿನ ಎಂಟಿಆರ್ ಸಂಸ್ಥೆಯ ಸಿದ್ಧ ಆಹಾರದ ಪೊಟ್ಟಣಗಳಿಗೆ ಆಧಾರವಾದದ್ದು ಆ ಪ್ರಯೋಗಾಲಯದ ತಂತ್ರಜ್ಞಾನವೇ. ಇನ್ನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಸೈನ್ಯದಿಂದ ಅಡುಗೆಮನೆಗೆ ಬಂದ ದಾರಿಯಲ್ಲೇ ಇಲ್ಲಿಯೂ ತಂತ್ರಜ್ಞಾನ ಬಂದಿದೆ. ಆದರೆ ಅದು ಬಂದು ನಿಂತದ್ದು ಮಧ್ಯಮ ವರ್ಗದ ಮಸಾಲೆ ಪಲ್ಯದ ಪೊಟ್ಟಣದಲ್ಲಿ. ಉಪ್ಪು ಹಾಕಿ ಬೇಯಿಸಿದ ಬರಿಯ ಹುರುಳಿ, ಅಲಸಂದೆಯವರೆಗೆ ಅದು ಇಳಿದಿಲ್ಲ.

ಇನ್ನೊಂದು ದಾರಿ ಇನ್ನೂ ಸರಳ. ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಹಿದುಕಿದ ಅವರೆಬೇಳೆಯನ್ನು ಮಾರುವವರು ಗ್ರಾಹಕರ ಸಮಯವನ್ನೇ ಉಳಿಸಿಕೊಡುತ್ತಾರೆ. ತರಕಾರಿ ಅಂಗಡಿಗಳಲ್ಲಿ ಮೊಳಕೆ ಕಾಳಿನ ಪೊಟ್ಟಣಗಳೂ ದೊರೆಯುತ್ತವೆ. ಸ್ವಸಹಾಯ ಸಂಘಗಳು ಬೆಳಿಗ್ಗೆ ಬೇಯಿಸಿದ ಕಾಳನ್ನು ಅದೇ ಸಂಜೆಯೊಳಗೆ ಕಾರ್ಖಾನೆಗಳ ಬಳಿ, ಬಸ್ ನಿಲ್ದಾಣಗಳ ಬಳಿ ಅಳೆದು ಮಾರಬಹುದು. ಅದಕ್ಕೆ ತಗಡೂ ಬೇಡ, ದೊಡ್ಡ ಬಂಡವಾಳವೂ ಬೇಡ. ಶುಚಿತ್ವದ ಉಸ್ತುವಾರಿ ಮತ್ತು ನಿಲ್ಲಲು ಜಾಗ ಬೇಕು. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳ ಅಡುಗೆಮನೆಗಳಿಗೂ ಇಂತಹ ಕೆಲಸ ಅಸಾಧ್ಯವಲ್ಲ.

ನಿರ್ಧಾರ ಯಾರದು?

ಸಮಸ್ಯೆಯ ಮೂಲದಲ್ಲಿ ಮೂರು ಕೊರತೆಗಳಿವೆ. ಬಡವರು ತಿನ್ನುವ ಕಾಳುಗಳ ಬೆಲೆಯ ಮೇಲೆ ನಿಗಾ ಇಲ್ಲ. ಅವನ್ನು ಬೆಳೆಯುವವರಿಗೆ ಬೆಂಬಲ ಬೆಲೆ ಇಲ್ಲ. ಬೇಯಿಸುವವರಿಗೆ ಸಮಯವಿಲ್ಲ. ಮೊದಲನೆಯದಕ್ಕೆ ಕೇಂದ್ರವನ್ನು ಕಾಯಬೇಕಾಗಿಲ್ಲ. ಹುರುಳಿ, ಅಲಸಂದೆ, ಅವರೆಯ ಚಿಲ್ಲರೆ ದರಗಳನ್ನು ರಾಜ್ಯ ಸರ್ಕಾರವೇ ಜಿಲ್ಲಾವಾರು ದಾಖಲಿಸಿ ಪ್ರಕಟಿಸಬಹುದು. ಎರಡನೆಯದಕ್ಕೆ ಆಹಾರ ಕಿಟ್ಟು, ಬಿಸಿಯೂಟ ಮತ್ತು ವಿದ್ಯಾರ್ಥಿನಿಲಯಗಳೇ ದೊಡ್ಡ ಗ್ರಾಹಕರಾಗಬಹುದು. ಅವುಗಳ ಬೇಳೆಯ ಒಂದು ಪಾಲು ಸ್ಥಳೀಯ ಕಾಳುಗಳಿಂದ ಬಂದರೆ ಬೆಳೆಗಾರನಿಗೆ ನಿಶ್ಚಿತ ಮಾರುಕಟ್ಟೆ ಒದಗುತ್ತದೆ, ತೊಗರಿಯ ಮೇಲಿನ ಒತ್ತಡವೂ ತಗ್ಗುತ್ತದೆ. ಕೋಲಾರ, ತುಮಕೂರುಗಳ ಕಿಟ್ಟಿನಲ್ಲಿ ಹುರುಳಿ, ಅವರೆಕಾಳು ಇರುವುದಕ್ಕೂ ಕಲಬುರಗಿಯ ಕಿಟ್ಟಿನಲ್ಲಿ ತೊಗರಿ ಇರುವುದಕ್ಕೂ ವಿರೋಧವಿಲ್ಲ.

ಇದಕ್ಕೆ ಅಡ್ಡಿಗಳಿಲ್ಲವೆಂದಲ್ಲ. ಸ್ಥಳೀಯ ಕಾಳುಗಳ ಉತ್ಪಾದನೆ ಚದುರಿಹೋಗಿದೆ. ದೊಡ್ಡ ಪ್ರಮಾಣದಲ್ಲಿ ಒಂದೇ ಗುಣಮಟ್ಟದ ಸರಕು ಸಂಗ್ರಹಿಸುವುದು ತೊಗರಿಯಷ್ಟು ಸುಲಭವಲ್ಲ. ಕಾಳು ಹಸನು ಮಾಡುವ, ಕೆಡದಂತೆ ಇಡುವ ವ್ಯವಸ್ಥೆ ಬೇಕು. ಹುರುಳಿ ಎತ್ತು, ಕುದುರೆಗಳ ಮೇವು ಎಂಬ ಕೀಳರಿಮೆ ನಗರದಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ರಾಗಿಯ ಬಗ್ಗೆಯೂ ಒಂದು ಕಾಲಕ್ಕೆ ಇಂತಹುದೇ ಮಾತಿತ್ತು. ಪಡಿತರದಲ್ಲಿ ರಾಗಿಗೆ ಜಾಗ ಸಿಕ್ಕಿ, ಸರ್ಕಾರ ಖರೀದಿಗೆ ಇಳಿದ ಮೇಲೆ ಅದರ ಮರ್ಯಾದೆ ಏರಿದ್ದನ್ನು ರಾಜ್ಯ ಕಂಡಿದೆ.

ಬ್ರಿಟನ್ನಿನ ಬಡಕುಟುಂಬ ಕಷ್ಟದ ಕಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದದ್ದು, ಆ ಡಬ್ಬಿ ಹತ್ತಿರದ ಅಂಗಡಿಯಲ್ಲಿ ಇದ್ದುದರಿಂದ. ಕರ್ನಾಟಕದ ಕುಟುಂಬಕ್ಕೆ ಅಂತಹ ಡಬ್ಬಿ ಬೇಕಿಲ್ಲ, ಅದರೊಳಗಿನ ಕಾಳು ಮತ್ತು ಅದು ಉಳಿಸುವ ಒಂದು ಗಂಟೆ ಬೇಕು. ಕಾಳು ಈ ನೆಲದಲ್ಲೇ ಬೆಳೆಯುತ್ತದೆ, ಬೇಯಿಸಿಡುವ ವಿದ್ಯೆ ಮೈಸೂರಿನಲ್ಲೇ ಇದೆ. ತೊಗರಿಯ ದರ ಮುಂದಿನ ಬಾರಿ 200 ದಾಟುವ ಮೊದಲೇ ಇವೆರಡನ್ನೂ ಕೂಡಿಸುವ ಕೆಲಸ ಆರಂಭವಾಗಬೇಕು. ದಾಟಿದ ಮೇಲೆ ಗೋದಾಮುಗಳ ಮೇಲೆ ನಡೆಯುವ ದಾಳಿಯಿಂದ ಯಾವ ಮನೆಯ ಸಾರೂ ಗಟ್ಟಿಯಾಗುವುದಿಲ್ಲ.